ರಾತ್ರಿ ಎರಡಕ್ಕೆ ಕರೆಂಟು ಬಂದಾಗ: ಮೈಸೂರಿನ ಒಂದು ಮನೆಯ ದೀಪಗಳ ಪ್ರಕರಣ

ಮೈಸೂರಿನ ಹಳೆಯ ಬಡಾವಣೆಯೊಂದರ ಎರಡು ಅಂತಸ್ತಿನ ಮನೆ. ಕೆಳಗೆ ಹಜಾರ, ಅಡುಗೆಮನೆ, ದೇವರ ಮನೆ, ಅಜ್ಜಿಯ ಕೋಣೆ. ಮೇಲೆ ಎರಡು ಮಲಗುವ ಕೋಣೆ ಮತ್ತು ಓದುವ ಮೂಲೆ. ಎಂಬತ್ತು ದಾಟಿದ ಅಜ್ಜಿ, ನಿವೃತ್ತರಾದ ಮಗ-ಸೊಸೆ, ಅವರ ಕಿರಿಯ ಮಗನ ಸಂಸಾರ, ಪಿಯುಸಿ ಓದುತ್ತಿರುವ ಮೊಮ್ಮಗಳು. ಹಿರಿಯ ಮಗ ಲಂಡನ್‌ನಲ್ಲಿದ್ದಾನೆ. ರಜೆಗೆಂದು ಬಂದವನು ಮನೆಯ ದೀಪಗಳನ್ನೆಲ್ಲ ಬದಲಿಸಿ ಹೋಗಿದ್ದ: ಪ್ರಖರತೆಯನ್ನೂ ಬಣ್ಣವನ್ನೂ ಬದಲಿಸಬಲ್ಲ ಜಿಗ್‌ಬೀ ಬಲ್ಬುಗಳು (ತಂತಿಯಿಲ್ಲದೆ ತಮ್ಮದೇ ಜಾಲದಲ್ಲಿ ಆಜ್ಞೆ ಪಡೆಯುವಂಥವು), ಹಜಾರದ ಫಾಲ್ಸ್ ಸೀಲಿಂಗ್‌ನ ಅಂಚಿಗೆ ಎಲ್‌ಇಡಿ ಪಟ್ಟಿ, ಇವನ್ನೆಲ್ಲ ನಡೆಸಲು ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್, ಅದರೊಳಗೆ ಮನೆಯ ಉಪಕರಣಗಳಿಗೆ ಆಜ್ಞೆ ಕೊಡುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ. ಸಂಜೆಯಾದಂತೆ ಬೆಳಕು ತಾನಾಗಿ ತಗ್ಗುತ್ತ ಹೋಗಬೇಕು, ಮಲಗುವ ಹೊತ್ತಿಗೆ ಕಣ್ಣಿಗೆ ಹಿತವಾಗಿರಬೇಕು ಎಂಬುದು ಅವನ ಆಸೆ. ಲಂಡನ್ ಮನೆಯಲ್ಲಿ ತಾನು ಬರೆದುಕೊಂಡಿದ್ದ ನಿಯಮಗಳನ್ನೇ ಇಲ್ಲಿಗೂ ಹಾಕಿ ವಿಮಾನ ಹತ್ತಿದ.

ನನ್ನನ್ನು ಆ ಮನೆಗೆ ಕರೆಯುವ ಹೊತ್ತಿಗೆ ವ್ಯವಸ್ಥೆಯನ್ನು ಪೂರ್ತಿ ಕಿತ್ತೆಸೆಯುವ ಮಾತು ನಡೆದಿತ್ತು. ದೂರುಗಳು ಒಬ್ಬೊಬ್ಬರದು ಒಂದೊಂದು. ಅಜ್ಜಿಗೆ ದೀಪ ತಾನಾಗಿ ಮಂದವಾದಾಗಲೆಲ್ಲ ವೋಲ್ಟೇಜ್ ಇಳಿದಂತೆ ಅನಿಸುತ್ತಿತ್ತು. ತಕ್ಷಣ ಎದ್ದು ಹೋಗಿ ಫ್ರಿಜ್‌ನ ಸ್ವಿಚ್ ಆರಿಸಿ ಬರುತ್ತಿದ್ದರು. ಐವತ್ತು ವರ್ಷ ಸಂಸಾರ ಮಾಡಿದವರಿಗೆ ದೀಪ ಮಂಕಾಗುವುದಕ್ಕೆ ಗೊತ್ತಿದ್ದ ಅರ್ಥ ಅದೊಂದೇ, ಅವರು ಮಾಡಿದ್ದೂ ಸರಿಯೇ. ಮನೆಯೊಡತಿಯದು ಇನ್ನೊಂದು ಆಕ್ಷೇಪ: ದೇವರಿಗೆ ದೀಪ ಹಚ್ಚುವ ಹೊತ್ತಿಗೇ ಹಜಾರ ಮಸುಕಾಗತೊಡಗುತ್ತದೆ, ಮುಸ್ಸಂಜೆಯಲ್ಲಿ ಮನೆ ಕತ್ತಲಾಗಿರಬಾರದು. ಕಿರಿಯ ಮಗ ಹೇಳಿದ್ದು ನಡುರಾತ್ರಿಯ ಕಥೆ: ಕರೆಂಟು ಹೋಗಿ ಎರಡು ಗಂಟೆಗೆ ಬಂದರೆ ಮನೆಯ ಬಲ್ಬುಗಳೆಲ್ಲ ಪೂರ್ಣ ಪ್ರಖರವಾಗಿ ಹೊತ್ತಿಕೊಳ್ಳುತ್ತವೆ, ಮಲಗುವ ಕೋಣೆಯದ್ದೂ ಸೇರಿ. ಮೊಮ್ಮಗಳು ಹನ್ನೊಂದರವರೆಗೆ ಓದುವವಳು. ಒಂಬತ್ತೂವರೆಗೆ ಅವಳ ಪುಸ್ತಕದ ಮೇಲೆ ಕಿತ್ತಳೆ ಬಣ್ಣದ ಬೆಳಕು ಬೀಳುತ್ತಿತ್ತು.

ಈ ನಾಲ್ಕರಲ್ಲಿ ಎರಡು ವೇಳಾಪಟ್ಟಿಯ ದೋಷ. ಉಳಿದೆರಡು ಅದಕ್ಕಿಂತ ಆಳದವು. ಬೆಳಕು ತಗ್ಗಿಸುವ ವೇಳಾಪಟ್ಟಿ ಬರೆಯುವುದು ಯಾರಿಗೂ ಅರ್ಧ ಗಂಟೆಯ ಕೆಲಸ. ಆ ವೇಳಾಪಟ್ಟಿಗೆ ಭಂಗ ಬಂದಾಗ, ಅಂದರೆ ಕರೆಂಟು ಹೋದಾಗ, ಯಾರೋ ಕೈಯಿಂದ ಸ್ವಿಚ್ ಒತ್ತಿದಾಗ, ದೀಪ ಏನು ಮಾಡಬೇಕು ಎನ್ನುವುದೇ ನಿಜವಾದ ಕೆಲಸ. ಈ ಮನೆಯಲ್ಲಿ ನನ್ನ ಸಮಯ ಹೋದದ್ದೂ ಅಲ್ಲಿಯೇ.

ಲಂಡನ್ನಿನ ಜೂನ್, ಮೈಸೂರಿನ ನವೆಂಬರ್

ಮೊದಲು ಸುಲಭದ್ದು. ಹಿರಿಯ ಮಗನ ನಿಯಮಗಳು ಗಡಿಯಾರವನ್ನು ನೋಡುತ್ತಿರಲಿಲ್ಲ, ಸೂರ್ಯನನ್ನು ನೋಡುತ್ತಿದ್ದವು. ಹೋಮ್ ಅಸಿಸ್ಟೆಂಟ್‌ಗೆ ಮನೆಯ ಅಕ್ಷಾಂಶ-ರೇಖಾಂಶ ಕೊಟ್ಟರೆ ಅದು ಪ್ರತಿದಿನದ ಸೂರ್ಯೋದಯ, ಸೂರ್ಯಾಸ್ತ, ದಿಗಂತದಿಂದ ಸೂರ್ಯನ ಎತ್ತರ ಎಲ್ಲವನ್ನೂ ತಾನೇ ಲೆಕ್ಕ ಹಾಕುತ್ತದೆ. ಸೂರ್ಯ ಮುಳುಗಿದ ಕೂಡಲೇ ದೀಪಗಳು ತಗ್ಗಲು ಆರಂಭಿಸಬೇಕು ಎಂದು ಅವನು ಬರೆದಿದ್ದ. ಬರೆದದ್ದು ಜೂನ್ ತಿಂಗಳಲ್ಲಿ. ಲಂಡನ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 9:20ರ ಸುಮಾರಿಗೆ. ಊಟ ಮುಗಿದು, ಮಲಗಲು ಇನ್ನೊಂದೆರಡು ಗಂಟೆ ಇರುವಾಗ ಬೆಳಕು ಇಳಿಯಲು ಶುರು. ಲೆಕ್ಕ ಪಕ್ಕಾ ಹೊಂದುತ್ತದೆ. ಅದೇ ಊರಿನಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ 3:50ಕ್ಕೇ ಮುಳುಗುತ್ತಾನೆ. ಅಲ್ಲಿ ಚಳಿಗಾಲದ ಮಧ್ಯಾಹ್ನಗಳನ್ನು ಅವನು ಹೇಗೆ ಕಳೆದನೋ, ನಾನು ಕೇಳಲಿಲ್ಲ.

ಮೈಸೂರಿನಲ್ಲಿ ಸೂರ್ಯಾಸ್ತ ಅಷ್ಟೊಂದು ಅಲೆದಾಡುವುದಿಲ್ಲ. ನವೆಂಬರ್ ನಡುವಿನಿಂದ ಕೊನೆಯವರೆಗೆ ಸುಮಾರು 5:55, ಜುಲೈ ಆರಂಭದಲ್ಲಿ ಸುಮಾರು 6:55. ವರ್ಷವಿಡೀ ಒಂದು ಗಂಟೆಯ ಅಂತರ, ಅಷ್ಟೇ. ಇನ್ನೊಂದು ವಿಷಯ, ನಮ್ಮಲ್ಲಿ ಸಂಜೆಗತ್ತಲು ಬೇಗ ಬೀಳುತ್ತದೆ. ಸೂರ್ಯ ಮುಳುಗಿ ಇಪ್ಪತ್ತು-ಇಪ್ಪತ್ತೆರಡು ನಿಮಿಷಕ್ಕೆ ಒಳಗೆ ದೀಪವಿಲ್ಲದೆ ಏನೂ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ದೀಪ ಹೊತ್ತಿಸುವುದಕ್ಕೆ ಸೂರ್ಯನನ್ನು ಕೇಳಬೇಕು, ತಗ್ಗಿಸುವುದಕ್ಕೆ ಗಡಿಯಾರವನ್ನು ಕೇಳಬೇಕು. ಜನ ಮಲಗುವುದು ಸೂರ್ಯನನ್ನು ನೋಡಿ ಅಲ್ಲ, ಬೆಳಗಿನ ಶಾಲಾ ಬಸ್ಸನ್ನು ನೆನೆದು. ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಜಾರದ ದೀಪಗಳು ಪೂರ್ಣವಾಗಿ ಹೊತ್ತಿಕೊಳ್ಳುವಂತೆ ಮಾಡಿದೆವು. ಮುಸ್ಸಂಜೆಯ ಆಕ್ಷೇಪ ಅಂದೇ ಮುಗಿಯಿತು.

ಇನ್ನು ಎಷ್ಟು ತಗ್ಗಿಸಬೇಕು, ಯಾಕೆ ತಗ್ಗಿಸಬೇಕು ಎಂಬ ಪ್ರಶ್ನೆ. ಕಣ್ಣಿನ ರೆಟಿನಾದಲ್ಲಿ ನೋಟಕ್ಕೆ ಸಂಬಂಧವಿಲ್ಲದೆ, ದೇಹದ ಗಡಿಯಾರಕ್ಕೆ ಹಗಲು-ರಾತ್ರಿಯ ಸುದ್ದಿ ಮುಟ್ಟಿಸುವ ಕೋಶಗಳಿವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವಸ್ತು 480 ನ್ಯಾನೊಮೀಟರ್ ಸುಮಾರಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಈ ಕೋಶಗಳಿಗೆ ತಾಗುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ ಹಗಲು ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ ಮೂರು ಗಂಟೆ ಗರಿಷ್ಠ 10 ಲಕ್ಸ್, ನಿದ್ದೆಯ ವೇಳೆ 1 ಲಕ್ಸ್ ಎಂದು 2022ರಲ್ಲಿ ಹಲವು ವಿಜ್ಞಾನಿಗಳು ಸೇರಿ ಶಿಫಾರಸು ಮಾಡಿದರು. ಇದು ಕಣ್ಣಿನ ಎತ್ತರದಲ್ಲಿ, ನೀಲಿಗೆ ತೂಕ ಕೊಟ್ಟು ಅಳೆಯುವ ಲೆಕ್ಕ. ಮೊಬೈಲ್ ಆ್ಯಪ್ ತೋರಿಸುವ ಲಕ್ಸ್ ಅಲ್ಲ. ಶಿಫಾರಸನ್ನು ಅಕ್ಷರಶಃ ಪಾಲಿಸಿದರೆ ರಾತ್ರಿ ಎಂಟಕ್ಕೆ ಒಗ್ಗರಣೆ ಹಾಕುವವರು ಸಾಸಿವೆ ಯಾವುದು, ಸಕ್ಕರೆ ಯಾವುದು ಎಂದು ತಡಕಾಡಬೇಕಾಗುತ್ತದೆ. ಅಡುಗೆಮನೆಯನ್ನು ವೇಳಾಪಟ್ಟಿಯಿಂದ ಹೊರಗಿಟ್ಟೆವು. ಓದುವ ಮೇಜಿಗೆ ಬೇರೆ ದೀಪ ಕೊಟ್ಟು ಅದನ್ನೂ ಹೊರಗಿಟ್ಟೆವು. ಅಲ್ಲಿ ಮುನ್ನೂರರಿಂದ ಐನೂರು ಲಕ್ಸ್ ಬೇಕು, ಪರೀಕ್ಷೆ ಮುಗಿಯುವ ತನಕ ಮೆಲನಾಪ್ಸಿನ್ ಸ್ವಲ್ಪ ತಾಳಿಕೊಳ್ಳಲಿ.

ಬಣ್ಣದ ವಿಷಯದಲ್ಲಿ ಯಜಮಾನರು ಪಟ್ಟು ಹಿಡಿದರು. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟ್‌ನ ಕಾಲದಿಂದಲೂ ಬೆಳಕೆಂದರೆ 6500 ಕೆಲ್ವಿನ್‌ನ ಬೆಳ್ಳನೆಯ ಬೆಳಕು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ). ಹಳದಿ ಬೆಳಕು ಎಂದರೆ ಬಡ ಬೆಳಕು. ಎಂಟೂವರೆಯವರೆಗೆ 4000 ಕೆಲ್ವಿನ್, ಅಲ್ಲಿಂದ ನಿಧಾನಕ್ಕೆ 2700ಕ್ಕೆ, ಹತ್ತೂವರೆಯ ಮೇಲೆ 2200ಕ್ಕೆ ಎಂದು ಒಪ್ಪಂದವಾಯಿತು. ಎಂಟೂವರೆ ಎಂಬ ಗಡಿಯನ್ನು ನಿರ್ಧರಿಸಿದ್ದು ಟಿವಿ ಧಾರಾವಾಹಿ.

ಅರ್ಧ ಎಂದರೆ ಕಾಲು

ಹಿಂದಿನ ನಿಯಮದಲ್ಲಿ ಎರಡು ಹಂತಗಳಿದ್ದವು. ಮೊದಲನೆಯದರಲ್ಲಿ ಶೇಕಡ 50. ಯಾರಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಎರಡನೆಯದರಲ್ಲಿ ಶೇಕಡ 10. ಆಗ ಅಜ್ಜಿ ಫ್ರಿಜ್‌ನತ್ತ ಓಡುತ್ತಿದ್ದರು. ಕಣ್ಣು ಬೆಳಕನ್ನು ಸರಳರೇಖೆಯಲ್ಲಿ ಅಳೆಯುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಕಾಣುವ ಪ್ರಖರತೆ ನಿಜವಾದ ಬೆಳಕಿನ ವರ್ಗಮೂಲದಂತೆ ನಡೆಯುತ್ತದೆ: ಶೇಕಡ 50ರಷ್ಟು ಬೆಳಕು ಕಣ್ಣಿಗೆ ಶೇಕಡ 70ರಂತೆ ತೋರುತ್ತದೆ, ಅರ್ಧ ಎನಿಸಬೇಕಾದರೆ ಶೇಕಡ 25ಕ್ಕೆ ಇಳಿಸಬೇಕು, ಶೇಕಡ 10 ಎಂದರೆ ಮೂರನೇ ಒಂದು. ದೊಡ್ಡ ಕಟ್ಟಡಗಳ ದೀಪ ನಿಯಂತ್ರಣಕ್ಕೆ ಬಳಸುವ ಡಾಲಿ ಮಾನದಂಡದಲ್ಲಿ ಇಂಥ ವಕ್ರರೇಖೆ ಒಳಗೇ ಅಡಗಿದೆ. ಮನೆ ಬಲ್ಬುಗಳಲ್ಲಿ ಒಂದೊಂದು ತಯಾರಕರದು ಒಂದೊಂದು ರೀತಿ. ಒಂದೇ ಕೋಣೆಯಲ್ಲಿ ಎರಡು ಕಂಪನಿಯ ಬಲ್ಬು ಬೆರೆಸಿದರೆ ಶೇಕಡ 20ರಲ್ಲಿ ಒಂದು ಉರಿಯುತ್ತಿರುತ್ತದೆ, ಇನ್ನೊಂದು ಸತ್ತಂತಿರುತ್ತದೆ. ಹಜಾರದಲ್ಲಿ ಹಾಗೆಯೇ ಇತ್ತು. ಅವನ್ನು ಕೋಣೆವಾರು ವಿಂಗಡಿಸಿ ಹಾಕಿಸಿದೆ.

ಹಜಾರಕ್ಕೆ ಕೊನೆಗೆ ನಿಂತ ಲೆಕ್ಕ ಇದು: ಮುಸ್ಸಂಜೆಯಿಂದ ಎಂಟೂವರೆಯವರೆಗೆ ಪೂರ್ಣ, ಒಂಬತ್ತೂವರೆಗೆ ಶೇಕಡ 45, ಹತ್ತೂವರೆಗೆ ಶೇಕಡ 15, ಆಮೇಲೆ ಬೆಳಗಿನ ಐದರವರೆಗೆ ಯಾರಾದರೂ ಹೊತ್ತಿಸಿದರೆ ಶೇಕಡ 5. ಐದಕ್ಕೆ ಅಜ್ಜಿ ಏಳುತ್ತಾರೆ, ಆರೂವರೆಗೆ ಶೇಕಡ 60ಕ್ಕೆ ಏರಿರುತ್ತದೆ. ಈ ಅಂಕಿಗಳ ನಡುವೆ ಮೆಟ್ಟಿಲುಗಳಿಲ್ಲ, ಇಳಿಜಾರಷ್ಟೇ. ಪೂರ್ಣದಿಂದ 45ಕ್ಕೆ ಒಂದು ಗಂಟೆಯಲ್ಲಿ ಇಳಿದರೆ ಧಾರಾವಾಹಿ ನೋಡುತ್ತಿರುವವರ ಗಮನಕ್ಕೆ ಬರುವುದಿಲ್ಲ. ಅಜ್ಜಿಯ ವೋಲ್ಟೇಜ್ ಭಯಕ್ಕೆ ಮದ್ದು ಇಳಿಜಾರೇ. ದೀಪ ಕುಸಿದದ್ದು ಕಂಡರೆ ತಾನೇ ಗಾಬರಿ.

ಇಳಿಜಾರು ಮಾಡಲು ಎರಡು ದಾರಿಗಳಿವೆ. ಬಲ್ಬಿಗೇ ಒಂದು ಗಂಟೆಯಲ್ಲಿ ಇಳಿ ಎಂದು ಹೇಳಬಹುದು: ಜಿಗ್‌ಬೀ ಆಜ್ಞೆಯಲ್ಲಿ ಬದಲಾವಣೆಯ ಅವಧಿಯನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೆಯುತ್ತಾರೆ, ಒಂದೂಮುಕ್ಕಾಲು ಗಂಟೆಗೂ ಮೀರಿ ಹೇಳಲು ಜಾಗವಿದೆ. ಕಾಗದದಲ್ಲಿ ಚೆಂದ. ಆದರೆ ಇಳಿಯುತ್ತಿರುವಾಗ ಮಧ್ಯೆ ಇನ್ನೊಂದು ಆಜ್ಞೆ ಬಂದರೆ, ಅಥವಾ ಕರೆಂಟು ಹೋಗಿ ಬಂದರೆ, ಆ ಇಳಿತ ಅಲ್ಲಿಗೇ ನಿಂತಿತು. ಅಷ್ಟು ದೀರ್ಘ ಅವಧಿಯನ್ನು ಸರಿಯಾಗಿ ಪಾಲಿಸದ ಬಲ್ಬುಗಳೂ ಇವೆ. ಎರಡನೆಯ ದಾರಿ, ಪ್ರತಿ ನಿಮಿಷ ಲೆಕ್ಕ ಹಾಕಿ ಸಣ್ಣ ಸಣ್ಣ ಆಜ್ಞೆ ಕಳಿಸುವುದು. ನಾವು ಎರಡನೆಯದನ್ನು ಹಿಡಿದೆವು. ವ್ಯತ್ಯಾಸ ಶೇಕಡ 2ಕ್ಕಿಂತ ಕಡಿಮೆ ಇದ್ದರೆ ಕಳಿಸುವುದೇ ಬೇಡ ಎಂಬ ಷರತ್ತಿನಿಂದ ಜಾಲದ ಮೇಲಿನ ಹೊರೆ ತಗ್ಗಿತು.

ಘಟನೆಯಲ್ಲ, ಪ್ರಶ್ನೆ

ಇಲ್ಲಿಂದ ಮುಂದಿನದು ಈ ಪ್ರಕರಣದ ತಿರುಳು. ಸಮಯ ಆಧರಿಸಿದ ನಿಯಮವನ್ನು ಬಹುತೇಕ ಎಲ್ಲರೂ ಘಟನೆಯಾಗಿ ಬರೆಯುತ್ತಾರೆ: ಒಂಬತ್ತೂವರೆಯಾದಾಗ ಹಜಾರದ ದೀಪವನ್ನು ಶೇಕಡ 45 ಮಾಡು. ಒಂಬತ್ತೂವರೆ ಎಂಬುದು ದಿನಕ್ಕೊಮ್ಮೆ, ಒಂದು ಕ್ಷಣ ಬಂದು ಹೋಗುತ್ತದೆ. ಆ ಕ್ಷಣದಲ್ಲಿ ಕರೆಂಟು ಇರದಿದ್ದರೆ ಆಜ್ಞೆ ಕೇಳಲು ಬಲ್ಬೇ ಇಲ್ಲ. ದೀಪ ಆರಿದ್ದರೆ ಇನ್ನೂ ಕೆಟ್ಟದು: ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರಖರತೆ ಹೊಂದಿಸುವ ಆಜ್ಞೆಯೂ ಹೊತ್ತಿಸುವ ಆಜ್ಞೆಯೂ ಒಂದೇ, ಆದ್ದರಿಂದ ಖಾಲಿ ಕೋಣೆಯ ಆರಿದ ದೀಪಗಳೆಲ್ಲ ಒಂಬತ್ತೂವರೆಗೆ ಸರಿಯಾಗಿ ಎದ್ದು ಕೂರುತ್ತವೆ. ಹತ್ತು ಗಂಟೆಗೆ ಯಾರೋ ದೀಪ ಹೊತ್ತಿಸಿದರೆ ಅದು ತನಗೆ ಕೊನೆಯಲ್ಲಿ ನೆನಪಿದ್ದ ಮಟ್ಟದಲ್ಲಿ, ಹಲವು ಬಾರಿ ಪೂರ್ಣ ಪ್ರಖರವಾಗಿ, ಹೊತ್ತುತ್ತದೆ. ಮರುದಿನದ ಒಂಬತ್ತೂವರೆಯ ತನಕ ಅದನ್ನು ಕೇಳುವವರಿಲ್ಲ.

ಇದನ್ನು ಮಗುಚಿ ಹಾಕಬೇಕು. ನಿಯಮ ಒಂದು ಪ್ರಶ್ನೆಯಾಗಬೇಕು: ಈ ಕ್ಷಣದಲ್ಲಿ ಈ ಕೋಣೆಯ ದೀಪ ಹೊತ್ತಿದ್ದರೆ ಎಷ್ಟು ಹೊತ್ತಿರಬೇಕು? ಉತ್ತರ ಸದಾ ಸಿದ್ಧವಿರಬೇಕು. ಹೋಮ್ ಅಸಿಸ್ಟೆಂಟ್‌ನಲ್ಲಿ ಕೋಣೆಗೊಂದು ಟೆಂಪ್ಲೇಟ್ ಸೆನ್ಸರ್ ಮಾಡಿದೆ. ಅದು ಯಾವ ದೀಪವನ್ನೂ ಮುಟ್ಟುವುದಿಲ್ಲ. ಗಡಿಯಾರ ನೋಡಿ, ಎರಡು ಅಂಕಿಗಳ ನಡುವಿನ ಇಳಿಜಾರಿನಲ್ಲಿ ಈಗಿನ ಬಿಂದು ಯಾವುದೆಂದು ಸುಮ್ಮನೆ ಹೇಳುತ್ತಿರುತ್ತದೆ. ರಾತ್ರಿ 9:00ಕ್ಕೆ ಹಜಾರದ ಸೆನ್ಸರ್ 72 ಅಥವಾ 73 ಎನ್ನುತ್ತದೆ, 10:00ಕ್ಕೆ 30 ಎನ್ನುತ್ತದೆ. ದೀಪದ ಕಡೆಯಿಂದ ಮೂರು ಸಂದರ್ಭಗಳಲ್ಲಿ ಈ ಅಂಕಿಯನ್ನು ಕೇಳಲಾಗುತ್ತದೆ: ದೀಪ ಆಗಷ್ಟೇ ಹೊತ್ತಿದಾಗ, ನಿಮಿಷ ಬದಲಾದಾಗ ದೀಪ ಹೊತ್ತಿದ್ದರೆ, ಬಲ್ಬು ಕರೆಂಟು ಕಳೆದುಕೊಂಡು ಮತ್ತೆ ಜಾಲಕ್ಕೆ ಮರಳಿದಾಗ. ವೇಳಾಪಟ್ಟಿ ಬದಲಿಸಬೇಕೆಂದರೆ ಸೆನ್ಸರ್‌ನ ಅಂಕಿಗಳನ್ನಷ್ಟೇ ತಿದ್ದಿದರಾಯಿತು, ದೀಪದ ನಿಯಮಗಳನ್ನು ಮುಟ್ಟಬೇಕಿಲ್ಲ.

ಗುಂಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಜಾರದ ಆರು ದೀಪಗಳಿಗೆ ಒಟ್ಟಿಗೆ ಆಜ್ಞೆ ಕೊಡಲು ಜಿಗ್‌ಬೀ ಗುಂಪು ಬಲು ಅನುಕೂಲ. ಆರೂ ಒಂದೇ ಉಸಿರಿಗೆ ಬದಲಾಗುತ್ತವೆ, ಒಂದರ ಹಿಂದೊಂದು ಪಾಪ್‌ಕಾರ್ನ್ ಸಿಡಿದಂತೆ ಕಾಣುವುದಿಲ್ಲ. ಆದರೆ ಗುಂಪಿನಲ್ಲಿ ಒಂದು ದೀಪ ಹೊತ್ತಿದ್ದರೂ ಗುಂಪು ಹೊತ್ತಿದೆ ಎಂದೇ ಲೆಕ್ಕ. ಯಾರೋ ಮೂಲೆಯ ದೀಪವೊಂದನ್ನು ಮಾತ್ರ ಉಳಿಸಿಕೊಂಡು ಕೂತಿದ್ದರೆ ಮುಂದಿನ ನಿಮಿಷಕ್ಕೆ ಉಳಿದ ಐದೂ ಹೊತ್ತಿಕೊಳ್ಳುತ್ತವೆ. ಒಂದೇ ಗೋಡೆ ಸ್ವಿಚ್‌ಗೆ ಸೇರಿದ ದೀಪಗಳನ್ನು ಮಾತ್ರ ಒಂದು ಗುಂಪಿಗೆ ಹಾಕುವುದು ಸುರಕ್ಷಿತ.

ಕೈ ಮೇಲು

ಸ್ವಯಂಚಾಲಿತ ವ್ಯವಸ್ಥೆ ಮನುಷ್ಯನ ಜೊತೆ ಜಗಳಕ್ಕೆ ನಿಂತರೆ ಮನುಷ್ಯ ಗೋಡೆಯ ಸ್ವಿಚ್ಚನ್ನು ಆರಿಸಿ ಗೆಲ್ಲುತ್ತಾನೆ, ಆಮೇಲೆ ಬಲ್ಬು ಜಾಲದಿಂದಲೇ ಹೊರಗೆ. ಈ ಮನೆಯಲ್ಲಿ ನಡೆಯುತ್ತಿದ್ದುದೂ ಅದೇ. ಯಜಮಾನರು ಪತ್ರಿಕೆ ಓದಲು ಬೆಳಕು ಹೆಚ್ಚಿಸುತ್ತಾರೆ, ನಿಮಿಷದಲ್ಲಿ ಅದು ಮತ್ತೆ ಇಳಿಯುತ್ತದೆ, ಇವರು ಮತ್ತೆ ಹೆಚ್ಚಿಸುತ್ತಾರೆ. ಆದ್ದರಿಂದ ಮೊದಲ ಸೂತ್ರ: ಕೈಯಿಂದ ಬದಲಿಸಿದ ದೀಪವನ್ನು ಗಡಿಯಾರ ಮುಟ್ಟಬಾರದು.

ಬದಲಿಸಿದ್ದು ಕೈಯೋ ಯಂತ್ರವೋ ಎಂದು ತಿಳಿಯುವುದು ಹೇಗೆ? ಮೊಬೈಲ್‌ನಿಂದ ಬದಲಿಸಿದರೆ ಹೋಮ್ ಅಸಿಸ್ಟೆಂಟ್ ಅದನ್ನು ಯಾರು ಮಾಡಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಬಲ್ಬಿಗೆ ನೇರವಾಗಿ ಜೋಡಿಸಿದ ರಿಮೋಟ್‌ನಿಂದ ಬದಲಿಸಿದರೆ ಆ ಗುರುತು ಸಿಗುವುದಿಲ್ಲ. ನಾವು ಕೊನೆಯ ಬಾರಿ ಕಳಿಸಿದ ಅಂಕಿಯನ್ನು ನೆನಪಿಟ್ಟುಕೊಂಡು, ಬಲ್ಬು ಈಗ ಹೇಳುವ ಅಂಕಿಗೆ ಹೋಲಿಸಿ, ಶೇಕಡ 5ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದು ಕೈ ಎಂದು ತೀರ್ಮಾನಿಸಿದೆವು. ಆ ದೀಪವನ್ನು ಆರಿಸುವ ತನಕ, ಇಲ್ಲವೇ ಬೆಳಗಿನ ಐದಾಗುವ ತನಕ, ವೇಳಾಪಟ್ಟಿ ಅದರಿಂದ ದೂರ ಇರುತ್ತದೆ. ಇಂಥದ್ದನ್ನೆಲ್ಲ ಸಿದ್ಧವಾಗಿ ಕೊಡುವ ಅಡಾಪ್ಟಿವ್ ಲೈಟಿಂಗ್ ಎಂಬ ಘಟಕ ಹೋಮ್ ಅಸಿಸ್ಟೆಂಟ್‌ಗೆ ಸಿಗುತ್ತದೆ; ಹೊಸದಾಗಿ ಆರಂಭಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ಕೋಣೆಗೊಂದು ಇಳಿಜಾರು ಬೇಕಿತ್ತು, ಕರೆಂಟಿನ ಲೆಕ್ಕವೂ ಬೇಕಿತ್ತು, ಹಾಗಾಗಿ ಕೈಯಾರೆ ಬರೆಯಬೇಕಾಯಿತು.

ಕರೆಂಟು ಬಂದ ಮೇಲಿನ ಕತೆ

ಜಿಗ್‌ಬೀ ಬಲ್ಬಿಗೆ ಕರೆಂಟು ಬಂದೊಡನೆ ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು: ಹೊತ್ತಿಕೊ, ಆರಿರು, ಅಥವಾ ಹಿಂದಿನ ಸ್ಥಿತಿಗೆ ಮರಳು. ಎಷ್ಟು ಪ್ರಖರತೆಯಲ್ಲಿ ಹೊತ್ತಿಕೊಳ್ಳಬೇಕು ಎಂದೂ ಹಲವು ಬಲ್ಬುಗಳಲ್ಲಿ ಹೇಳಬಹುದು. ತಯಾರಾಗಿ ಬರುವಾಗ ಬಹುತೇಕ ಬಲ್ಬುಗಳು ಪೂರ್ಣವಾಗಿ ಹೊತ್ತಿಕೊಳ್ಳುವಂತಿರುತ್ತವೆ. ಅದಕ್ಕೂ ಕಾರಣವಿದೆ: ಗೋಡೆಯ ಸ್ವಿಚ್ ಹಾಕಿದರೆ ದೀಪ ಹತ್ತಲೇಬೇಕು, ಇಲ್ಲದಿದ್ದರೆ ಕೊಂಡವರು ಬಲ್ಬು ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುತ್ತಾರೆ. ವರ್ಷಕ್ಕೊಮ್ಮೆ ಕರೆಂಟು ಹೋಗುವ ಊರಿನಲ್ಲಿ ಅದು ಸರಿಯಾದ ತೀರ್ಮಾನ. ಮಳೆಗಾಲದಲ್ಲಿ ಒಂದೇ ರಾತ್ರಿ ಮೂರು ಸಲ ಹೋಗಿ ಬರುವಲ್ಲಿ ಅಲ್ಲ.

ಕಿರಿಯ ಮಗ ಕೇಳಿದ್ದು ಸರಳ: ಎಲ್ಲವನ್ನೂ ಆರಿರು ಎಂದು ಇಟ್ಟುಬಿಡಿ. ನಾನು ಒಪ್ಪಲಿಲ್ಲ. ಪೈ ಕೆಟ್ಟು ನಿಂತ ದಿನ ಅಜ್ಜಿ ಗೋಡೆಯ ಸ್ವಿಚ್ ಎಷ್ಟು ಸಲ ಒತ್ತಿದರೂ ದೀಪ ಹೊತ್ತುವುದಿಲ್ಲ. ಹಿಂದಿನ ಸ್ಥಿತಿ ಎಂದು ಇಟ್ಟರೂ ಅದೇ ಗತಿ, ಹಿಂದಿನ ಸ್ಥಿತಿ ಆರಿದ್ದೇ ಆಗಿದ್ದರೆ. ಕೊನೆಗೆ ಹೊತ್ತಿಕೊ, ಆದರೆ ಶೇಕಡ 20ರಲ್ಲಿ ಹೊತ್ತಿಕೊ ಎಂದು ಇಟ್ಟೆವು. ಮಿದುಳಿಲ್ಲದ ಬಲ್ಬು ತಾನಾಗಿ ಕೊಡುವ ಬೆಳಕು ಅದು: ನಡೆದಾಡಲು ಸಾಕು, ನಿದ್ದೆಯಲ್ಲಿರುವವರ ಕಣ್ಣಿಗೆ ಬಡಿಯುವಷ್ಟಲ್ಲ. ಮಿದುಳು, ಅಂದರೆ ಪೈ, ಕೆಲಸ ಮಾಡುತ್ತಿದ್ದರೆ ಕೆಲವೇ ಸೆಕೆಂಡಿನಲ್ಲಿ ಸರಿಯಾದ ಅಂಕಿ ಬಂದು ಸೇರುತ್ತದೆ.

ಕರೆಂಟು ಬಂದಾಗ ಪ್ರತಿ ಬಲ್ಬೂ ಜಾಲಕ್ಕೆ ನಾನು ಬಂದೆ ಎಂದು ಒಂದು ಸಂದೇಶ ಕಳಿಸುತ್ತದೆ. ಬಲ್ಬುಗಳ ಜಾಲವನ್ನು ಹೋಮ್ ಅಸಿಸ್ಟೆಂಟ್‌ಗೆ ಬೆಸೆಯುವ ಜಿಗ್‌ಬೀ2ಎಂಕ್ಯುಟಿಟಿ ತಂತ್ರಾಂಶದಲ್ಲಿ ಆ ಸಂದೇಶವನ್ನು ಹಿಡಿಯಬಹುದು. ಹಿಡಿದ ಮೇಲೆ ಏಳುವ ಪ್ರಶ್ನೆ: ಈ ಬಲ್ಬು ಎದ್ದದ್ದು ಯಾರೋ ಗೋಡೆಯ ಸ್ವಿಚ್ ಹಾಕಿದ್ದರಿಂದಲೋ, ಊರಿಗೇ ಕರೆಂಟು ಬಂದದ್ದರಿಂದಲೋ? ಮೊದಲನೆಯದಾದರೆ ದೀಪ ಹೊತ್ತಿರಬೇಕು. ಎರಡನೆಯದಾದರೆ ಮೊದಲು ಆರಿದ್ದ ದೀಪ ಮತ್ತೆ ಆರಬೇಕು. ಬಲ್ಬು ಎರಡಕ್ಕೂ ಒಂದೇ ಸಂದೇಶ ಕಳಿಸುತ್ತದೆ. ಉಪಾಯ ಸಿಕ್ಕಿದ್ದು ಎಣಿಕೆಯಲ್ಲಿ: ಹತ್ತು ಸೆಕೆಂಡಿನೊಳಗೆ ಒಂದೇ ಕೋಣೆಯ ಬಲ್ಬುಗಳು ಎದ್ದರೆ ಅದು ಕೈ, ಮೂರು ಕೋಣೆಗಳಲ್ಲಿ ಒಟ್ಟಿಗೆ ಎದ್ದರೆ ಅದು ಕರೆಂಟು. ಕರೆಂಟು ಎಂದಾದರೆ, ಹೋಗುವ ಮುನ್ನ ಯಾವ ದೀಪ ಹೊತ್ತಿತ್ತು ಎಂದು ಬರೆದಿಟ್ಟ ಪಟ್ಟಿಯನ್ನು ನೋಡಿ ಉಳಿದವನ್ನೆಲ್ಲ ಆರಿಸಬೇಕು. ಈಗ ರಾತ್ರಿ ಎರಡಕ್ಕೆ ಕರೆಂಟು ಬಂದರೆ ಮಲಗುವ ಕೋಣೆಯಲ್ಲಿ ಮಂದ ಬೆಳಕೊಂದು ಕೆಲವು ಸೆಕೆಂಡು ಮಿನುಗಿ ಆರುತ್ತದೆ.

ಹಲವು ಬಲ್ಬುಗಳು ಬೇಗ ಬೇಗ ಐದಾರು ಸಲ ಆರಿ ಹೊತ್ತಿದರೆ ಅದನ್ನು ಹೊಸದಾಗಿ ಜೋಡಿಸಿಕೊಳ್ಳುವ ಸಂಕೇತ ಎಂದು ತಿಳಿದು ಎಲ್ಲ ಮರೆತುಬಿಡುತ್ತವೆ. ಗುಡುಗು-ಮಳೆಯ ಸಂಜೆ ಕರೆಂಟು ಕಣ್ಣುಮುಚ್ಚಾಲೆ ಆಡಿದರೆ ಅದೇ ಆಗುತ್ತದೆ; ಮೇಲಂತಸ್ತಿನ ಕಾರಿಡಾರ್‌ನ ಬಲ್ಬೊಂದು ಹೀಗೆ ಆಗಾಗ ಕಾಣೆಯಾಗುತ್ತಿತ್ತು. ಕೆಳಗಿನ ಕಾರಿಡಾರ್ ಮತ್ತು ಹಜಾರದ ದೀಪಗಳ ತಂತಿಯನ್ನು ಇನ್ವರ್ಟರ್‌ನ ಕಡೆಗೆ ಬದಲಿಸಿದ್ದರಿಂದ ಅಲ್ಲಿ ಕಾಟ ತಪ್ಪಿತು. ಮೇಲಿನದಕ್ಕೆ ಬೇರೆ ಬಲ್ಬು ಹಾಕಿದೆವು.

ಗಡಿಯಾರವೇ ತಪ್ಪಿದರೆ

ಸಮಯವನ್ನೇ ನಂಬಿದ ವ್ಯವಸ್ಥೆಯಲ್ಲಿ ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಪ್ರತಿ ಸಲ ಎದ್ದಾಗಲೂ ಅಂತರ್ಜಾಲವನ್ನು ಕೇಳಿ ಹೊತ್ತು ತಿಳಿದುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ರೌಟರ್ ಚೇತರಿಸಿಕೊಳ್ಳುವ ತನಕ, ಅಥವಾ ಕೇಬಲ್‌ನವರ ಕಡೆ ಸಂಪರ್ಕ ಕಡಿದಿದ್ದರೆ ಗಂಟೆಗಟ್ಟಲೆ, ಅದು ಆರುವಾಗ ಇದ್ದ ಹಳೆಯ ಹೊತ್ತಿನಲ್ಲೇ ಬದುಕುತ್ತಿರುತ್ತದೆ. ರಾತ್ರಿ ಎಂಟಕ್ಕೆ ಆರಿ ಹನ್ನೊಂದಕ್ಕೆ ಎದ್ದ ಪೈ ಪಾಲಿಗೆ ಇನ್ನೂ ಎಂಟೇ ಗಂಟೆ, ದೀಪಗಳು ಪೂರ್ಣ ಪ್ರಖರ. ಪೈಯನ್ನೂ ರೌಟರನ್ನೂ ಇನ್ವರ್ಟರ್‌ಗೆ ಸೇರಿಸಿ, ಜೊತೆಗೆ ಡಿಎಸ್3231 ಎಂಬ ಪುಟ್ಟ ಗಡಿಯಾರ ಬಿಲ್ಲೆಯನ್ನು ಕೂರಿಸಿದೆವು. ಅದು ವರ್ಷಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಹೋಗುವುದಿಲ್ಲ. ಪೈ 5ರಲ್ಲಿ ಈ ಗಡಿಯಾರ ಒಳಗೇ ಇದೆ, ಬ್ಯಾಟರಿಯನ್ನು ಮಾತ್ರ ನಾವು ಹಾಕಬೇಕು. ಸಮಯ ವಲಯವನ್ನೂ ಪರೀಕ್ಷಿಸಿ: ವ್ಯವಸ್ಥೆ ಗ್ರೀನಿಚ್ ಸಮಯದಲ್ಲೇ ಉಳಿದಿದ್ದರೆ ರಾತ್ರಿ ಒಂಬತ್ತರ ನಿಯಮ ನಮ್ಮಲ್ಲಿ ನಡೆಯುವುದು ಬೆಳಗಿನ ಜಾವ ಎರಡೂವರೆಗೆ.

ತಂತಿಯ ವಿಷಯ ಚಿಕ್ಕದು. ಹಳೆಯ 9 ವಾಟ್ ಬಲ್ಬುಗಳನ್ನೇ ಇಟ್ಟುಕೊಂಡು ಗೋಡೆಯಲ್ಲಿ ಡಿಮ್ಮರ್ ಹಾಕಬಹುದೇ ಎಂದು ಯಜಮಾನರು ಕೇಳಿದರು. 2015ರ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಮನೆ ಸೇರಿದವು, ಕರ್ನಾಟಕದಲ್ಲಿ ಅದಕ್ಕೆ ಹೊಸ ಬೆಳಕು ಎಂದು ಹೆಸರು. ಅಂಥ ಬಲ್ಬುಗಳು ಡಿಮ್ಮರ್‌ಗೆಂದು ಮಾಡಿದವಲ್ಲ. ವೋಲ್ಟೇಜ್ ಏರಿಳಿದರೂ ಒಂದೇ ಸಮ ಉರಿಯುವುದೇ ಅವುಗಳ ಗುಣ, ಡಿಮ್ಮರ್ ತಿರುವಿದರೆ ಮಿನುಗುತ್ತವೆ, ಗುಂಯ್‌ಗುಡುತ್ತವೆ, ಬೇಗ ಸಾಯುತ್ತವೆ. ಬದಲಿಗೆ ಬಲ್ಬಿಗೆ ಸದಾ ಕರೆಂಟು ಇರುವಂತೆ ಮಾಡಿ, ಗೋಡೆಯಲ್ಲಿ ಅದೇ ಜಾಗಕ್ಕೆ ಬ್ಯಾಟರಿಯ ಬಟನ್ ಕೂರಿಸಿದೆವು. ನೇರ ಸ್ವಿಚ್ಚನ್ನು ತೆಗೆಯಲಿಲ್ಲ. ಸ್ವಿಚ್‌ಬೋರ್ಡ್‌ನ ಒಳಗೆ ಸರಿಸಿ ಮುಚ್ಚಿದೆವು. ಮೆಟ್ಟಿಲ ಎರಡು ಕಡೆಯ ಸ್ವಿಚ್ಚನ್ನು ಮುಟ್ಟಲೇ ಇಲ್ಲ. ಮೆಟ್ಟಿಲಿನ ಮೇಲೆ ಬೆಳಕು ತಗ್ಗಿಸುವ ಯಾವ ಯೋಜನೆಗೂ ನಾನು ಕೈಹಾಕುವುದಿಲ್ಲ.

ಅಜ್ಜಿಯ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಗೆ ಉಲ್ಟಾ ಲೆಕ್ಕ. ಅರವತ್ತರ ಕಣ್ಣಿನ ರೆಟಿನಾ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು. ಎಂಬತ್ತಕ್ಕೆ ಇನ್ನೂ ಕಡಿಮೆ. ಮೊಮ್ಮಗಳಿಗೆ ಸಾಕೆನಿಸುವ ಶೇಕಡ 5 ಅಜ್ಜಿಗೆ ಕತ್ತಲೆ. ಅಲ್ಲಿ ಮೊಣಕಾಲಿನ ಕೆಳಗೆ ಗೋಡೆಗುಂಟ ಬೆಚ್ಚನೆಯ ಬಣ್ಣದ ಎಲ್‌ಇಡಿ ಪಟ್ಟಿ, ಚಲನೆ ಕಂಡರೆ ಹೊತ್ತುವ ಸೆನ್ಸರ್. ಪಟ್ಟಿಯ ಬೆಳಕು ನೆಲಕ್ಕೆ ಬೀಳುತ್ತದೆ, ಕಣ್ಣಿಗಲ್ಲ. ಹಾಗಾಗಿ ಪ್ರಖರತೆಯನ್ನು ಧಾರಾಳವಾಗಿ ಶೇಕಡ 40ಕ್ಕೆ ಇಟ್ಟೆವು. ಬಚ್ಚಲಿನ ದೀಪ ವೇಳಾಪಟ್ಟಿಯಲ್ಲಿಲ್ಲ.

ದೇವರ ಮನೆಯ ಬಾಗಿಲ ಬಳಿ ಒಂದು ಬಟನ್ ಇದೆ. ಒತ್ತಿದರೆ ಮರುದಿನ ಬೆಳಗಿನ ಐದರವರೆಗೆ ಯಾವ ದೀಪವೂ ತಾನಾಗಿ ತಗ್ಗುವುದಿಲ್ಲ. ಶಿವರಾತ್ರಿಯ ಜಾಗರಣೆಗೆ, ನೆಂಟರು ತುಂಬಿದ ರಾತ್ರಿಗೆ. ನವರಾತ್ರಿಯಲ್ಲಿ ಹಜಾರದ ಮೂಲೆಯಲ್ಲಿ ಗೊಂಬೆ ಕೂರಿಸುತ್ತಾರೆ. ಆ ಮೆಟ್ಟಿಲುಗಳ ದೀಪಕ್ಕೆ ಬೇರೆ ಪ್ಲಗ್ ಕೊಟ್ಟು ವ್ಯವಸ್ಥೆಯಿಂದ ಪೂರ್ತಿ ಹೊರಗಿಟ್ಟಿದ್ದೇವೆ. ಪಟ್ಟದ ಗೊಂಬೆಗಳನ್ನು ಮಂಕಾಗಿಸುವ ಅಧಿಕಾರ ಯಾವ ತಂತ್ರಾಂಶಕ್ಕೂ ಇಲ್ಲ ಎಂದು ಅಜ್ಜಿ ಸ್ಪಷ್ಟವಾಗಿ ಹೇಳಿದರು.

ವ್ಯವಸ್ಥೆ ನಿಂತ ಕೆಲವು ತಿಂಗಳಿಗೆ ಪೈ ಕೆಟ್ಟಿತು. ಮೆಮೊರಿ ಕಾರ್ಡ್ ಸವೆದಿತ್ತು. ಹೋಮ್ ಅಸಿಸ್ಟೆಂಟ್ ದಿನವಿಡೀ ದಾಖಲೆ ಬರೆಯುತ್ತಲೇ ಇರುವುದರಿಂದ ಈ ಕಾರ್ಡುಗಳು ಬೇಗ ಬಳಲುತ್ತವೆ. ನಾನು ಊರಿನಲ್ಲಿರಲಿಲ್ಲ. ಮೀಟರ್ ಪೆಟ್ಟಿಗೆಯ ಒಳಗೆ ಅಂಟಿಸಿದ್ದ ಹಾಳೆಯನ್ನು ನೋಡಿ ಸೊಸೆ ಸ್ವಿಚ್‌ಬೋರ್ಡ್‌ಗಳ ಮುಚ್ಚಳ ತೆಗೆದು ಹಳೆಯ ಸ್ವಿಚ್‌ಗಳಿಂದಲೇ ದೀಪ ಆರಿಸಿ ಹೊತ್ತಿಸಿದರು. ಮನೆಯೆಲ್ಲ ಶೇಕಡ 20ರಲ್ಲಿ. ಓದುವ ಮೇಜು, ಅಡುಗೆಮನೆ, ಬಚ್ಚಲು, ಮೆಟ್ಟಿಲು ಎಂದಿನಂತೆ. ನಾನು ಮರಳಿ ಬಂದು ಆ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ, ವಾರಕ್ಕೊಮ್ಮೆ ನಕಲು ಪ್ರತಿ ಬೇರೆಡೆ ಉಳಿಯುವಂತೆ ಮಾಡಿದಾಗ ಬಂದ ದೂರು ಒಂದೇ: ಶೇಕಡ 20ರಲ್ಲಿ ಊಟದ ಮೇಜಿನ ಮೇಲೆ ಮೀನಿನ ಮುಳ್ಳು ಕಾಣುವುದಿಲ್ಲ. ಊಟದ ಮೇಜಿನ ಮೇಲಿನ ಎರಡು ಬಲ್ಬುಗಳ ಅಂಕಿಯನ್ನು 60ಕ್ಕೆ ಏರಿಸಿದೆ. ಅವು ಮಲಗುವ ಕೋಣೆಗಳಿಗೆ ಕಾಣುವುದಿಲ್ಲ, ನಡುರಾತ್ರಿ ಹೊತ್ತಿಕೊಂಡರೂ ಯಾರ ನಿದ್ದೆಯೂ ಕೆಡುವುದಿಲ್ಲ.